‘ಚೀನಾ ಮಾಲು’ ಅನ್ನುವ ಮೊದಲು: ಹಾಸನದ ಓದುಗರಿಗೆ ಸಂಪಾದಕರ ಉತ್ತರ

ಪಾಕಿಸ್ತಾನದ ಪಾಕ್‌ಸ್ಯಾಟ್-ಎಂಎಂ1 ಉಪಗ್ರಹವನ್ನು 2024ರ ಮೇ 30ರಂದು ಚೀನಾದ ಲಾಂಗ್ ಮಾರ್ಚ್ 3ಬಿ ರಾಕೆಟ್ ಹೊತ್ತೊಯ್ದಿತು. ಆ ಬಗ್ಗೆ ನಾವು ಬರೆದ ಲೇಖನದಲ್ಲಿ ಅದನ್ನು ‘ನಂಬಬಹುದಾದ ರಾಕೆಟ್’ ಎಂದಿದ್ದೆವು. ಹಾಸನದ ನಿವೃತ್ತ ವಿಜ್ಞಾನ ಮೇಷ್ಟ್ರೊಬ್ಬರಿಗೆ ಈ ಮಾತು ಹಿಡಿಸಿಲ್ಲ. ಅವರ ಕಾಗದದ ಮುಖ್ಯ ಭಾಗ ಹೀಗಿದೆ:

“ಮೊಮ್ಮಗ ಫೋನಿನಲ್ಲಿ ಒಂದು ವಿಡಿಯೋ ತೋರಿಸಿದ. ರಾಕೆಟ್ ಮೇಲೆದ್ದ ಕೂಡಲೇ ವಾಲುತ್ತದೆ. ಅಡ್ಡಡ್ಡ ಹೋಗಿ ಗುಡ್ಡಕ್ಕೆ ಬೀಳುತ್ತದೆ. ಆಮೇಲೆ ಒಡೆದ ಮನೆಗಳು. ಇದು ನೀವು ಹೊಗಳಿದ ರಾಕೆಟ್ಟೇ ಅಂತೆ, ನಿಜವೇ? ಎಷ್ಟು ಜನ ಸತ್ತರು? ಇಂಥದ್ದನ್ನು ಇನ್ನೂ ಯಾಕೆ ಹಾರಿಸುತ್ತಿದ್ದಾರೆ? ಚೀನಾ ಮಾಲು ಅಂದ್ಮೇಲೆ ಇಷ್ಟೇ ಅಲ್ವಾ?”

ಮೇಷ್ಟ್ರೇ, ನಮಸ್ಕಾರ.

ವಿಡಿಯೋ ನಿಜ. ರಾಕೆಟ್ಟೂ ಅದೇ. ಅದು ಲಾಂಗ್ ಮಾರ್ಚ್ 3ಬಿಯ ಮೊಟ್ಟಮೊದಲ ಹಾರಾಟ. 1996ರ ಫೆಬ್ರವರಿ 15, ಚೀನಾದಲ್ಲಿ ಬೆಳಗಿನ ಜಾವ ಮೂರು ಗಂಟೆ. ಅವರ ಹೊಸವರ್ಷಕ್ಕೆ ಇನ್ನು ನಾಲ್ಕೇ ದಿನ ಬಾಕಿ. ಜಾಗ ಸಿಚುವಾನ್ ಪ್ರಾಂತ್ಯದ ಷಿಚಾಂಗ್, ಗುಡ್ಡಗಳ ನಡುವಿನ ಕಣಿವೆ. ರಾಕೆಟ್ಟಿನ ತುದಿಯಲ್ಲಿ ಇಂಟೆಲ್‌ಸ್ಯಾಟ್ 708 ಎಂಬ ಸಂಪರ್ಕ ಉಪಗ್ರಹ ಇತ್ತು. ಅದನ್ನು ಕಟ್ಟಿದ್ದು ಅಮೆರಿಕದ ಲೋರಲ್ ಕಂಪನಿ.

ನೆಲ ಬಿಟ್ಟು ಎರಡು ಸೆಕೆಂಡ್ ಕಳೆಯುವಷ್ಟರಲ್ಲೇ ರಾಕೆಟ್ ವಾಲತೊಡಗಿತು. ನೆಟ್ಟಗೆ ಏರುವ ಬದಲು ಮೂತಿ ಬಗ್ಗಿಸಿ ಪಕ್ಕಕ್ಕೆ ಹಾರಿತು. ಎಂಜಿನ್‌ಗಳಲ್ಲಿ ಏನೂ ತೊಂದರೆ ಇರಲಿಲ್ಲ, ಪೂರ್ತಿ ಬಲದಲ್ಲಿ ಉರಿಯುತ್ತಲೇ ಇದ್ದವು. 22ನೇ ಸೆಕೆಂಡಿಗೆ, ಉಡಾವಣೆ ಕಟ್ಟೆಯಿಂದ ಎರಡು ಕಿಲೋಮೀಟರ್ ಕೂಡ ದಾಟದೆ, ಗುಡ್ಡದ ಇಳಿಜಾರಿಗೆ ಬಡಿಯಿತು. ಹೊರಡುವಾಗ ಅದರ ತೂಕ ಸುಮಾರು 426 ಟನ್. ಅದರಲ್ಲಿ ಬಹುಪಾಲು ಇಂಧನವೇ. ಇಪ್ಪತ್ತೆರಡು ಸೆಕೆಂಡಿನಲ್ಲಿ ಖರ್ಚಾದದ್ದು ಸ್ವಲ್ಪ, ಉಳಿದದ್ದೆಲ್ಲ ಒಮ್ಮೆಗೇ ಸಿಡಿಯಿತು.

ಕಾರಣ ಕೇಳಿದರೆ ಹೊಟ್ಟೆ ಉರಿಯುತ್ತದೆ. ರಾಕೆಟ್ಟಿಗೆ ತಾನು ಯಾವ ಕಡೆ ಮುಖ ಮಾಡಿದ್ದೇನೆ ಎಂದು ತಿಳಿಸುವ ಒಂದು ಯಂತ್ರ ಇರುತ್ತದೆ. ಹೊರಗಿನ ಯಾವ ಗುರುತನ್ನೂ ನೋಡದೆ, ಗೈರೋಸ್ಕೋಪ್‌ಗಳ ಸಹಾಯದಿಂದಲೇ ಅದು ದಿಕ್ಕು ಹಿಡಿದಿಟ್ಟುಕೊಳ್ಳುತ್ತದೆ. ಅದರೊಳಗಿನ ಒಂದು ವಿದ್ಯುತ್ ಭಾಗದಲ್ಲಿ ಚಿನ್ನದ ತಂತಿ ಅಲ್ಯೂಮಿನಿಯಂಗೆ ಅಂಟಿದ ಜಾಗ ಕೆಟ್ಟಿತ್ತು. ಬೆಸುಗೆ ಬಿಟ್ಟಿತು, ಕರೆಂಟ್ ನಿಂತಿತು. ಯಂತ್ರ ತಪ್ಪು ದಿಕ್ಕು ಹೇಳಿತು, ಕಂಪ್ಯೂಟರ್ ನಂಬಿತು, ಎಂಜಿನ್‌ಗಳು ಹೇಳಿದ ಹಾಗೆ ತಿರುಗಿದವು. ನೆಟ್ಟಗೆ ಇದ್ದ ರಾಕೆಟ್ಟನ್ನು ‘ಸರಿಪಡಿಸಲು’ ಹೋಗಿ ಬೀಳಿಸಿದಂತಾಯಿತು. ಕೂದಲೆಳೆಯಷ್ಟು ತಂತಿ ಮಾಡಿದ ಕೆಲಸ ಇದು.

ಎಷ್ಟು ಜನ ಸತ್ತರು ಎಂದು ಕೇಳಿದ್ದೀರಿ. ಚೀನಾ ಸರ್ಕಾರ ಕೊಟ್ಟ ಲೆಕ್ಕ ಆರು ಸಾವು, 57 ಮಂದಿಗೆ ಗಾಯ. ವಿಡಿಯೋದಲ್ಲಿ ಕಾಣುವ ಹಾನಿ ನೋಡಿದ ಹೊರಗಿನವರು ಅನೇಕರು ಈ ಲೆಕ್ಕವನ್ನು ಒಪ್ಪಲಿಲ್ಲ, ಸಾವು ಇನ್ನೂ ಜಾಸ್ತಿ ಎಂದರು. ಉಡಾವಣೆಗೆ ಮುಂಚೆ ಹತ್ತಿರದ ಊರಿನವರನ್ನು ಬೇರೆಡೆ ಕಳಿಸುವ ಪದ್ಧತಿ ಇತ್ತು, ಅದರಿಂದ ಹೆಚ್ಚಿನವರು ಉಳಿದರು ಎಂದು ವಾದಿಸುವವರೂ ಇದ್ದಾರೆ. ಸತ್ತವರ ಹೆಸರುಗಳು ನಮ್ಮಂಥ ಓದುಗರ ತನಕ ಬರಲೇ ಇಲ್ಲ.

ಹೆಸರು ಬಾರದಿದ್ದರೂ ಬೇರೆ ಸುದ್ದಿ ಬೇಕಾದಷ್ಟು ಬಂತು. ತಪ್ಪು ಎಲ್ಲಿ ಆಯಿತೆಂದು ಹುಡುಕುವಾಗ ಅಮೆರಿಕದ ಎಂಜಿನಿಯರ್‌ಗಳು ಚೀನಾದವರಿಗೆ ನೆರವಾದರು, ಅನುಮತಿ ಇಲ್ಲದೆ ವರದಿ ಕಳಿಸಿದರು ಎಂಬುದು ದೊಡ್ಡ ರಾಜಕೀಯ ಗಲಾಟೆಯಾಯಿತು. ಉಪಗ್ರಹದ ಚೂರುಗಳನ್ನು ಆರಿಸಿದಾಗ ಅದರಲ್ಲಿದ್ದ ಗುಪ್ತಸಂಕೇತದ ಚಿಪ್‌ಗಳು ಸಿಗಲಿಲ್ಲ ಎಂದು ಅಮೆರಿಕದ ಸಂಸತ್ತು ತಲೆಕೆಡಿಸಿಕೊಂಡಿತು. 1999ರಲ್ಲಿ ಅಮೆರಿಕ ಉಪಗ್ರಹಗಳನ್ನು ಯುದ್ಧಸಾಮಗ್ರಿಗಳ ಪಟ್ಟಿಗೆ ಸೇರಿಸಿತು. ಅಲ್ಲಿಗೆ ಅಮೆರಿಕದ ಬಿಡಿಭಾಗ ಇರುವ ಯಾವ ಉಪಗ್ರಹವೂ ಚೀನಾದ ರಾಕೆಟ್ ಹತ್ತುವುದು ಹೆಚ್ಚುಕಡಿಮೆ ನಿಂತೇಹೋಯಿತು. 2002ರಲ್ಲಿ ಲೋರಲ್ ಕಂಪನಿ ಒಟ್ಟು 2 ಕೋಟಿ ಡಾಲರಿನ ರಾಜಿಗೆ ಒಪ್ಪಿತು. ಇಷ್ಟೆಲ್ಲ ಗಲಾಟೆಯಲ್ಲಿ ಚಿಪ್ಪಿಗೆ ಸಿಕ್ಕ ಗಮನ ಗುಡ್ಡದ ಬುಡದಲ್ಲಿದ್ದವರಿಗೆ ಸಿಗಲಿಲ್ಲ. ನನಗೆ ಇದು ತುಂಬ ಬೇಸರದ ಸಂಗತಿ.

ಇನ್ನು ‘ಚೀನಾ ಮಾಲು’ ಅನ್ನುವ ಮಾತು. ಇದನ್ನು ನಾನು ಒಪ್ಪುವುದಿಲ್ಲ ಮೇಷ್ಟ್ರೇ. ನಮ್ಮ ಪಿಎಸ್‌ಎಲ್‌ವಿ ಕೂಡ 1993ರಲ್ಲಿ ಮೊದಲ ಸಲ ಹಾರಿ ಸೋತಿತ್ತು. ಅದನ್ನು ಹಿಡಿದು ಯಾರಾದರೂ ‘ಇಂಡಿಯಾ ಮಾಲು’ ಅಂದಿದ್ದರೆ ನಮಗೆ ಹೇಗಾಗುತ್ತಿತ್ತು?

ಆ ಅಪಘಾತದ ನಂತರ ಈ ರಾಕೆಟ್ ಎದ್ದು ನಿಂತ ಪರಿ ನಿಜಕ್ಕೂ ದೊಡ್ಡದು. ಒಂದೂವರೆ ವರ್ಷದ ಮೇಲೆ, 1997ರ ಆಗಸ್ಟಿನಲ್ಲಿ, ಫಿಲಿಪ್ಪೀನ್ಸ್‌ನ ಅಗಿಲಾ 2 ಉಪಗ್ರಹವನ್ನು ಸರಿಯಾಗಿ ತಲುಪಿಸಿತು. 1998ರ ಜುಲೈ ತನಕ ಇನ್ನೂ ಮೂರು ಹಾರಾಟ ಗೆದ್ದಿತು. ಅಷ್ಟರಲ್ಲಿ ಅಮೆರಿಕದ ಕಾನೂನು ಅಡ್ಡ ಬಂತು. ಮುಂದಿನ ಹಾರಾಟ 2005ರ ಏಪ್ರಿಲ್‌ನಲ್ಲಿ. ಸುಮಾರು ಏಳು ವರ್ಷ ಈ ರಾಕೆಟ್ ಸುಮ್ನೆ ಕೂತಿತ್ತು. ಆಮೇಲೆ ಯುರೋಪಿನವರು ಅಮೆರಿಕದ ಬಿಡಿಭಾಗ ಇಲ್ಲದ ಉಪಗ್ರಹ ಕಟ್ಟಿಕೊಟ್ಟರು. ಚೀನಾ ತಾನೇ ಉಪಗ್ರಹ ಕಟ್ಟಿ, ರಾಕೆಟ್ಟಿನ ಸಮೇತ ಮಾರತೊಡಗಿತು. ನೈಜೀರಿಯಾ, ವೆನೆಜುವೆಲಾ, ಪಾಕಿಸ್ತಾನ, ಬೊಲಿವಿಯಾ, ಲಾವೋಸ್ ಹೀಗೆ ಗಿರಾಕಿಗಳಾದರು. ಅಮೆರಿಕದ ಜಿಪಿಎಸ್‌ಗೆ ಬದಲಿಯಾಗಿ ಚೀನಾ ಕಟ್ಟಿದ ಬೈದೌ ವ್ಯವಸ್ಥೆಯ ಎಷ್ಟೋ ಉಪಗ್ರಹಗಳು ಜೋಡಿ ಜೋಡಿಯಾಗಿ ಇದರಲ್ಲೇ ಹೋದವು. 2013ರ ಡಿಸೆಂಬರಿನಲ್ಲಿ ಚಂದ್ರನಿಗೆ ಹೊರಟ ಚಾಂಗ್-ಇ 3, 2019ರ ಜನವರಿಯಲ್ಲಿ ಚಂದ್ರನ ಆಚೆ ಮಗ್ಗುಲಲ್ಲಿ ಮೊದಲ ಬಾರಿಗೆ ಇಳಿದ ಚಾಂಗ್-ಇ 4, ಎರಡನ್ನೂ ಕಳಿಸಿದ್ದು 3ಬಿ. ಒಟ್ಟು ಹಾರಾಟ ನೂರು ದಾಟಿದೆ. ಹಿಡಿದದ್ದನ್ನು ಬಿಡದೆ ತಿದ್ದುತ್ತಾ ಬಂದವರ ಕೆಲಸ ಇದು, ಅಗ್ಗದ ಮಾಲಲ್ಲ.

ಹಾಗಂತ ಆಮೇಲೆ ಎಲ್ಲವೂ ಸಲೀಸಾಗಿ ನಡೆಯಿತು ಎಂದೂ ಅಲ್ಲ. ಇಂಡೋನೇಷ್ಯಾದ ಕಥೆ ಹೇಳುತ್ತೇನೆ, ನಿಮ್ಮೂರಿನವರಿಗೆ ಬೇಗ ಅರ್ಥವಾಗುವ ವಿಷಯ ಅದು. ಇಂಥ ರಾಕೆಟ್ ಉಪಗ್ರಹವನ್ನು ಕೊನೇ ಕಕ್ಷೆಗೆ ಬಿಡುವುದಿಲ್ಲ. ಬಸ್ಸು ಕ್ರಾಸಿನಲ್ಲಿ ಇಳಿಸಿ ಹೋಗುತ್ತದೆ, ಅಲ್ಲಿಂದ ಮನೆ ತನಕ ನಾವೇ ನಡೆಯಬೇಕು, ಹಾಗೆ. 36,000 ಕಿಲೋಮೀಟರ್ ಎತ್ತರದ ಕಕ್ಷೆಯ ತನಕ ಉಪಗ್ರಹ ತನ್ನದೇ ಇಂಧನ ಉರಿಸಿ ಹೋಗಬೇಕು. ನಮ್ಮ ಇನ್ಸಾಟ್, ಜಿಸ್ಯಾಟ್‌ಗಳಿಗೆ ಆ ಆಜ್ಞೆ ಕೊಡುವ ಕೆಲಸ ನಡೆಯುವುದು ಹಾಸನದ ಉಪಗ್ರಹ ನಿಯಂತ್ರಣ ಕೇಂದ್ರ ಎಂಸಿಎಫ್‌ನಲ್ಲೇ ತಾನೇ. ಉಳಿದ ಇಂಧನದ ಮೇಲೆ ಉಪಗ್ರಹದ ಆಯಸ್ಸು ನಿಂತಿರುತ್ತದೆ.

2009ರ ಆಗಸ್ಟ್ 31ರಂದು 3ಬಿ ಇಂಡೋನೇಷ್ಯಾದ ಪಲಾಪಾ-ಡಿ ಉಪಗ್ರಹವನ್ನು ಹೊತ್ತು ಹೊರಟಿತು. ಈ ರಾಕೆಟ್ಟಿನಲ್ಲಿ ಒಂದಾದ ಮೇಲೊಂದು ಉರಿಯುವ ಮೂರು ಹಂತಗಳಿವೆ. ಮೂರನೇ ಹಂತದ ಎಂಜಿನ್ನಿನಲ್ಲಿ, ದ್ರವ ಹೈಡ್ರೋಜನ್ ಚಿಮ್ಮುವ ಸಣ್ಣ ತೂತುಗಳಿಗೆ ಮಂಜುಗಡ್ಡೆ ಕಟ್ಟಿರಬೇಕು ಎಂದು ತನಿಖೆ ಹೇಳಿತು. ಎಂಜಿನ್ನಿನ ಒಂದು ಭಾಗ ಸುಟ್ಟು ತೂತಾಯಿತು. ಉಪಗ್ರಹ ಸೇರಬೇಕಾದ ಎತ್ತರಕ್ಕಿಂತ ತೀರ ಕೆಳಗೇ ಉಳಿಯಿತು. ಅಲ್ಲಿಂದ ಅದನ್ನು ಅದರ ಸ್ವಂತ ಇಂಧನದಲ್ಲೇ ಮೇಲೆ ತಂದರು. ಉಪಗ್ರಹ ಉಳಿಯಿತು, ಆದರೆ ಹದಿನೈದು ವರ್ಷ ಬಾಳಬೇಕಾದದ್ದು ಹತ್ತು ಚಿಲ್ಲರೆ ವರ್ಷಕ್ಕೆ ಇಳಿಯಿತು.

ಅದರ ಜಾಗ ತುಂಬಲು ಪಲಾಪಾ-ಎನ್1 ತಯಾರಾಯಿತು. 2020ರ ಏಪ್ರಿಲ್ 9ರಂದು ಅದೂ 3ಬಿ ಹತ್ತಿತು. ಮತ್ತೆ ಮೂರನೇ ಹಂತದಲ್ಲೇ ತೊಂದರೆ. ಈ ಸಲ ಕ್ರಾಸಿನ ತನಕವೂ ಹೋಗಲಿಲ್ಲ. ಐದೂವರೆ ಟನ್ ತೂಕದ ಉಪಗ್ರಹ ಬೆಂಕಿಯ ಚೂರುಗಳಾಗಿ ಗುವಾಮ್ ದ್ವೀಪದ ಆಕಾಶದಲ್ಲಿ ಉದುರಿದ್ದನ್ನು ಅಲ್ಲಿನವರು ಕಣ್ಣಾರೆ ಕಂಡರು. ಒಂದೇ ದೇಶ, ಒಂದರ ಬದಲಿಗೆ ಇನ್ನೊಂದು, ಎರಡಕ್ಕೂ ಒಂದೇ ರಾಕೆಟ್ಟಿನಿಂದ ಪೆಟ್ಟು. ನಡುವೆ 2017ರ ಜೂನ್‌ನಲ್ಲಿ ಚೀನಾದ್ದೇ ಒಂದು ಉಪಗ್ರಹ ಕೆಳಗಿನ ಕಕ್ಷೆಯಲ್ಲಿ ಸಿಕ್ಕಿ, ತನ್ನ ಇಂಧನದಿಂದಲೇ ಮೇಲೆ ಹತ್ತಿತ್ತು. ಹೀಗೆ 2020ರ ತನಕ ನೋಡಿದರೆ ಪೂರ್ತಿ ಸೋಲು ಎರಡು, ಅರೆ ಸೋಲು ಎರಡು, ಉಳಿದವೆಲ್ಲ ಗೆಲುವು. ಎನ್1 ಬಿದ್ದ ಎರಡೂವರೆ ತಿಂಗಳಿಗೇ, ಜೂನ್ 23ರಂದು, ಬೈದೌ ವ್ಯವಸ್ಥೆಯನ್ನು ಪೂರ್ತಿಗೊಳಿಸಿದ ಉಪಗ್ರಹವನ್ನು ಇದೇ ರಾಕೆಟ್ ತಲುಪಿಸಿತು. ಉಪಗ್ರಹ ಕಳಿಸುವವರ ದೃಷ್ಟಿಯಿಂದ ಇದು ನಂಬಬಹುದಾದ ರಾಕೆಟ್ಟೇ. ನಾವು ಲೇಖನದಲ್ಲಿ ಹೇಳಿದ್ದು ಆ ಅರ್ಥದಲ್ಲಿ. ಆ ಮಾತಿಗೆ ಈಗಲೂ ಬದ್ಧ.

ಆದರೆ ನಿಮ್ಮ ಕಾಗದದಲ್ಲಿರುವ ನಿಜವಾದ ಪ್ರಶ್ನೆ ಬೇರೆ. ಉಪಗ್ರಹ ತಲುಪಿದರೆ ‘ಯಶಸ್ವಿ’ ಎಂದು ನಮ್ಮ ಉಡಾವಣೆ ಪಟ್ಟಿಯಲ್ಲಿ ಬರೆಯುತ್ತೇವೆ. ಕೆಳಗೆ ಏನು ಬಿತ್ತು, ಯಾರ ಮನೆ ಮೇಲೆ ಬಿತ್ತು ಅನ್ನುವುದಕ್ಕೆ ಪಟ್ಟಿಯಲ್ಲಿ ಜಾಗವೇ ಇಲ್ಲ.

ಷಿಚಾಂಗ್ ಸಮುದ್ರದಿಂದ ದೂರ, ದೇಶದ ಒಳಗಿದೆ. ಶೀತಲ ಸಮರದ ಕಾಲದಲ್ಲಿ ಶತ್ರುವಿನ ಕೈಗೆ ಸಿಗದಿರಲಿ ಎಂದು ಹುಡುಕಿದ ಜಾಗ. ರಾಕೆಟ್ ಬೀಜಿಂಗ್ ಕಡೆಯಿಂದ ರೈಲಿನಲ್ಲಿ ಬರುತ್ತದೆ. ರೈಲು, ಸುರಂಗಗಳಲ್ಲಿ ಹಿಡಿಯಬೇಕಾದ್ದರಿಂದ ಅದರ ದಪ್ಪ 3.35 ಮೀಟರಿಗೇ ನಿಂತಿದೆ. ಮೇಲೆದ್ದ ಎರಡು, ಎರಡೂವರೆ ನಿಮಿಷಕ್ಕೆ ಮೇಲೇಳಲು ಬಲ ಕೊಡುವ, ಪಕ್ಕದಲ್ಲಿ ಕಟ್ಟಿದ ನಾಲ್ಕು ಬೂಸ್ಟರ್‌ಗಳು ಕಳಚುತ್ತವೆ, ಸ್ವಲ್ಪದರಲ್ಲೇ ಮೊದಲ ಹಂತವೂ ಕಳಚುತ್ತದೆ. ಪೂರ್ವಕ್ಕೆ ಹೋಗುವ ದಾರಿಯಲ್ಲಿ ಕೆಳಗಿರುವುದು ಸಮುದ್ರವಲ್ಲ. ಗುಯಿಝೌ, ಗುವಾಂಗ್ಷಿ, ಹುನಾನ್ ಪ್ರಾಂತ್ಯಗಳ ಹೊಲ, ಕಾಡು, ಊರು. ಉಡಾವಣೆಗೆ ಮೊದಲು ಜನರಿಗೆ ಮನೆಯಿಂದ ಹೊರಗೆ ಬನ್ನಿ, ಆಕಾಶ ನೋಡುತ್ತಿರಿ ಎಂಬ ಸೂಚನೆ ಹೋಗುತ್ತದೆ. ಚಾಂಗ್-ಇ 3 ಚಂದ್ರನ ದಾರಿ ಹಿಡಿದ ದಿನ ಹುನಾನ್‌ನ ಹಳ್ಳಿಯಲ್ಲಿ ಮನೆಗಳ ಮೇಲೆ ಅದರ ರಾಕೆಟ್ಟಿನ ಚೂರುಗಳು ಬಿದ್ದವು. 2019ರ ನವೆಂಬರ್ 23ರ ಬೈದೌ ಉಡಾವಣೆಯಲ್ಲಿ ಬೂಸ್ಟರ್ ಒಂದು ಹಳ್ಳಿಯ ಮನೆ ಮೇಲೇ ಬಿತ್ತು. ಪಟ್ಟಿಯಲ್ಲಿ ಈ ಎರಡೂ ‘ಯಶಸ್ವಿ’.

ಬೀಳುವುದು ಬರೀ ಖಾಲಿ ತಗಡಲ್ಲ. ಈ ರಾಕೆಟ್ಟಿನ ಬೂಸ್ಟರ್‌ಗಳು, ಮೊದಲ ಎರಡು ಹಂತಗಳು ಯುಡಿಎಂಎಚ್ ಎಂಬ ಇಂಧನವನ್ನು, ಅದು ಉರಿಯಲು ಬೇಕಾದ ನೈಟ್ರೋಜನ್ ಟೆಟ್ರಾಕ್ಸೈಡ್ ಜೊತೆ ಉರಿಸುತ್ತವೆ. ಎರಡೂ ವಿಷ. ಬಿದ್ದ ಬೂಸ್ಟರ್‌ಗಳ ವಿಡಿಯೋ ನೋಡಿ, ಒಡೆದ ಟ್ಯಾಂಕಿನಿಂದ ಕೆಂಪು ಕಂದು ಬಣ್ಣದ ಹೊಗೆ ಏಳುತ್ತಿರುತ್ತದೆ. ಅದು ಉಳಿದ ನೈಟ್ರೋಜನ್ ಟೆಟ್ರಾಕ್ಸೈಡ್ ಆವಿಯಾಗಿ ಏಳುವುದು. ಉಸಿರಿಗೆ ಹೋದರೆ ಶ್ವಾಸಕೋಶವನ್ನೇ ಸುಡುತ್ತದೆ. ಜನ ಅದರ ಹತ್ತಿರ ನಿಂತು ಫೋನಿನಲ್ಲಿ ಚಿತ್ರ ತೆಗೆಯುವುದನ್ನು ನೋಡಿದರೆ ‘ದೂರ ಹೋಗಿ’ ಎಂದು ಕೂಗಬೇಕು ಅನ್ನಿಸುತ್ತದೆ. ಬೂಸ್ಟರ್‌ಗೆ ಪ್ಯಾರಾಚೂಟ್ ಕಟ್ಟಿ ಬೀಳುವ ಜಾಗವನ್ನು ಚಿಕ್ಕದು ಮಾಡುವ ಪ್ರಯೋಗಗಳು ನಡೆದಿವೆ. ಒಳ್ಳೆಯದೇ. ಆದರೆ ಬೀಳುವುದು ಇನ್ನೂ ನೆಲಕ್ಕೇ.

ಇಂಧನ ಕಾರಣ ಎಂದು ಅದರ ಮೇಲೆ ತಪ್ಪು ಹೊರಿಸುವಂತಿಲ್ಲ. ಹತ್ತಿರಹತ್ತಿರ ಅದೇ ಇಂಧನ ನಮ್ಮಲ್ಲೂ ಇದೆ. ಪಿಎಸ್‌ಎಲ್‌ವಿಯ ಎರಡನೇ ಹಂತ, ಜಿಎಸ್‌ಎಲ್‌ವಿಯ ನಾಲ್ಕು ಬೂಸ್ಟರ್‌ಗಳು ಉರಿಸುವುದು ಯುಡಿಎಂಎಚ್ ಬೆರೆತ ಇಂಧನವನ್ನೇ. 2006ರ ಜುಲೈ 10ರ ಸಂಜೆ ಜಿಎಸ್‌ಎಲ್‌ವಿ-ಎಫ್02 ಇನ್ಸಾಟ್-4ಸಿ ಹೊತ್ತು ಶ್ರೀಹರಿಕೋಟಾದಿಂದ ಎದ್ದಿತು. ಒಂದು ಬೂಸ್ಟರ್ ಕೈಕೊಟ್ಟಿತು. ರಾಕೆಟ್ ವಾಲಿ, ಒಂದು ನಿಮಿಷದೊಳಗೆ ಚೂರಾಯಿತು. ಷಿಚಾಂಗ್‌ನಂತೆಯೇ ಶುರುವಿನಲ್ಲೇ ಎಡವಟ್ಟು, ಅದೇ ಬಗೆಯ ವಿಷ ಇಂಧನ, ಟ್ಯಾಂಕುಗಳು ತುಂಬಿದ್ದವು. ಎಲ್ಲವೂ ಬಂಗಾಳ ಕೊಲ್ಲಿಗೆ ಬಿತ್ತು. ಯಾರಿಗೂ ಏನೂ ಆಗಲಿಲ್ಲ. ಇದಕ್ಕಾಗಿ ನಾವು ಬೆಲೆಯನ್ನೂ ಕೊಡುತ್ತೇವೆ. ಪಿಎಸ್‌ಎಲ್‌ವಿ ಧ್ರುವ ಕಕ್ಷೆಗೆ ಹೋಗುವಾಗ ಶ್ರೀಲಂಕಾದ ಮೇಲೆ ಹಾಯಬಾರದೆಂದು ದಾರಿಯಲ್ಲಿ ತಿರುವು ತೆಗೆದುಕೊಳ್ಳುತ್ತದೆ. ಅದಕ್ಕೆ ಇಂಧನ ಖರ್ಚು, ಹೊರುವ ತೂಕ ಕಡಿಮೆ. ಕೆಳಗಿನ ಜನರಿಗಾಗಿ ಅಷ್ಟು ತೂಕ ಬಿಟ್ಟುಕೊಡುವುದು ನನಗೆ ಸರಿ ಅನ್ನಿಸುತ್ತದೆ.

ಇದು ಚೀನಾದವರಿಗೆ ಗೊತ್ತಿಲ್ಲದ್ದೇನಲ್ಲ. ಹೈನಾನ್ ದ್ವೀಪದ ವೆಂಚಾಂಗ್‌ನಲ್ಲಿ ಸಮುದ್ರ ದಂಡೆಯ ಉಡಾವಣೆ ಕೇಂದ್ರ 2016ರಿಂದಲೇ ಕೆಲಸ ಮಾಡುತ್ತಿದೆ. ಅಲ್ಲಿಂದ ಹಾರುವ ಲಾಂಗ್ ಮಾರ್ಚ್ 7ಎ ಸೀಮೆಎಣ್ಣೆಯಂಥ ಇಂಧನ ಮತ್ತು ದ್ರವ ಆಮ್ಲಜನಕ ಉರಿಸುತ್ತದೆ. 3ಬಿಗಿಂತ ಜಾಸ್ತಿ, ಏಳು ಟನ್ ತನಕ ಹೊರುತ್ತದೆ. 2020ರ ಮಾರ್ಚ್‌ನಲ್ಲಿ ಮೊದಲ ಹಾರಾಟ ಸೋತರೂ ಮರುವರ್ಷ ಗೆದ್ದಿತು. ಆದರೂ ಷಿಚಾಂಗ್‌ನಲ್ಲಿ 3ಬಿ ನಿಲ್ಲಲಿಲ್ಲ. ಪಾಕ್‌ಸ್ಯಾಟ್ ಕೂಡ ಹೋಗಿದ್ದು ಅಲ್ಲಿಂದಲೇ. ಕೈಪಳಗಿದ ರಾಕೆಟ್, ಸಿದ್ಧ ಕಾರ್ಖಾನೆ, ಸಾಲಾಗಿ ಕಾದಿರುವ ಉಪಗ್ರಹಗಳು, ಇವೆಲ್ಲ ಇರುವಾಗ ಬಿಡುವುದು ಸುಲಭ ಅಲ್ಲ. ಬಿಡಬೇಕು ಎಂಬುದು ನನ್ನ ಅಭಿಪ್ರಾಯ. ನಿಮ್ಮ ‘ಇನ್ನೂ ಯಾಕೆ’ ಎಂಬ ಪ್ರಶ್ನೆಗೆ ನನ್ನ ಹತ್ತಿರ ಇರುವ ಉತ್ತರ ಇಷ್ಟು.

ನಾವು ಪ್ರತಿ ಸಂಚಿಕೆಯಲ್ಲಿ ಕೊಡುವ ಉಡಾವಣೆ ಪಟ್ಟಿಯಲ್ಲಿ ಮುಂದಿನ ತಿಂಗಳಿಂದ ಹೊಸ ಕಾಲಂ ಸೇರಿಸುತ್ತಿದ್ದೇವೆ. ಬೂಸ್ಟರ್ ಮತ್ತು ಮೊದಲ ಹಂತ ಸಮುದ್ರಕ್ಕೆ ಬಿದ್ದವೋ, ನೆಲಕ್ಕೆ ಬಿದ್ದವೋ, ನೆಲಕ್ಕಾದರೆ ಯಾವ ಪ್ರಾಂತ್ಯ ಎಂದು ಅಲ್ಲಿ ಬರೆಯುತ್ತೇವೆ. ಇಸ್ರೋ ಸೇರಿ ಎಲ್ಲರ ಉಡಾವಣೆಗಳಿಗೂ ಅದೇ ಕಾಲಂ. ಮೊಮ್ಮಗನಿಗೂ ತೋರಿಸಿ.

– ಸಂಪಾದಕ