ಕೈ ಕಳಚಿ ಬೀಳುವುದಿಲ್ಲ

ರಾಣೆಬೆನ್ನೂರಿನ ಓದುಗರೊಬ್ಬರು ಬರೆದಿದ್ದಾರೆ: ‘ಮಕ್ಕಳ ಜೊತೆ ಕೂತು “ದಿ ಪೈರೇಟ್ಸ್! ಬ್ಯಾಂಡ್ ಆಫ್ ಮಿಸ್‌ಫಿಟ್ಸ್” ನೋಡಿದೆವು. ಮನೆಮಂದಿಯೆಲ್ಲ ಬಿದ್ದು ಬಿದ್ದು ನಕ್ಕೆವು. ಅದರಲ್ಲಿ ಕುಷ್ಠರೋಗಿಗಳ ಹಡಗಿನ ಜೋಕೊಂದು ಇತ್ತಂತೆ, ಯಾರೋ ತಕರಾರು ಮಾಡಿ ತೆಗೆಸಿದರಂತೆ. ಗೊಂಬೆ ಸಿನಿಮಾದ ಮೇಲೂ ಇಷ್ಟು ಸಿಟ್ಟೇ?’

ನಕ್ಕಿದ್ದಕ್ಕೆ ಬೇಸರವಿಲ್ಲ. 2012ರ ಆ ಚಿತ್ರ ಬ್ರಿಟನ್ನಿನ ಆರ್ಡ್‌ಮನ್ ಸ್ಟುಡಿಯೊದ್ದು, ನಿರ್ದೇಶಕರು ಪೀಟರ್ ಲಾರ್ಡ್. ಗೊಂಬೆಯನ್ನು ಕೂದಲೆಳೆಯಷ್ಟು ಸರಿಸಿ, ಫೋಟೊ ತೆಗೆದು, ಮತ್ತೆ ಸರಿಸಿ, ಸೆಕೆಂಡಿಗೆ 24 ಫ್ರೇಮಿನ ಓಟಕ್ಕೆ ಹೊಂದಿಸುವ ಕೆಲಸ ಅದು. ಆ ದುಡಿಮೆಗೆ ಗೌರವ ಸಲ್ಲಲೇಬೇಕು.

ಆದರೆ ತಕರಾರು ಮಾಡಿದವರ ಮಾತನ್ನು ನೀವು ಪೂರ್ತಿ ಕೇಳಿಲ್ಲ. ಟ್ರೇಲರ್‌ನಲ್ಲಿ ಕಡಲ್ಗಳ್ಳರ ನಾಯಕ ಒಂದು ಹಡಗಿಗೆ ನುಗ್ಗಿ ಚಿನ್ನ ಕೇಳುತ್ತಾನೆ. ‘ಇದು ಕುಷ್ಠರೋಗಿಗಳ ಹಡಗು’ ಎನ್ನುವವನ ತೋಳು ಕಳಚಿ ಬೀಳುತ್ತದೆ. ಕುಷ್ಠರೋಗಿಗಳಿಗಾಗಿ ದುಡಿಯುವ ಲೆಪ್ರಾದಂಥ ಸಂಸ್ಥೆಗಳು ಇದನ್ನು ಆಕ್ಷೇಪಿಸಿದವು. ಸ್ಟುಡಿಯೊ ಒಪ್ಪಿ, ಬಿಡುಗಡೆಗೆ ಮೊದಲೇ ‘ಪ್ಲೇಗ್ ಹಡಗು’ ಎಂದು ಮಾತು ಬದಲಿಸಿತು. ಇಷ್ಟರಿಂದ ನಿಮ್ಮ ನಗು ಕಡಿಮೆಯಾಯಿತೇ? ಇಲ್ಲವೆಂದು ನಿಮ್ಮ ಪತ್ರವೇ ಹೇಳುತ್ತದೆ.

ಕುಷ್ಠರೋಗದಲ್ಲಿ ಕೈ, ಬೆರಳು ಕಳಚಿ ಬೀಳುವುದಿಲ್ಲ. ರೋಗಾಣು ನರಗಳನ್ನು ಕೆಡಿಸುತ್ತದೆ, ಚರ್ಮಕ್ಕೆ ಸ್ಪರ್ಶ ತಿಳಿಯದಾಗುತ್ತದೆ. ರೊಟ್ಟಿ ಹಂಚು ಸುಟ್ಟರೂ, ಚಪ್ಪಲಿಯೊಳಗೆ ಮುಳ್ಳು ನೆಟ್ಟರೂ ಗೊತ್ತಾಗುವುದಿಲ್ಲ. ನೋವಿಲ್ಲದ ಗಾಯವನ್ನು ಯಾರೂ ನೋಡಿಕೊಳ್ಳುವುದಿಲ್ಲ. ಕೀವಾಗಿ, ಎಲುಬು ಸವೆದು, ಬೆರಳು ಮೊಟಕಾಗುತ್ತದೆ. ಮೊದಲೇ ಗುರುತಿಸಿದರೆ ಇದನ್ನೆಲ್ಲ ತಡೆಯಬಹುದು.

ಗುರುತಿಸುವುದು ಕಷ್ಟವೇನಲ್ಲ. ಬಣ್ಣ ಮಾಸಿದ ಅಥವಾ ನಸುಗೆಂಪು ಮಚ್ಚೆ ಕಾಣುತ್ತದೆ, ಅದರಲ್ಲಿ ತುರಿಕೆ ಇರುವುದಿಲ್ಲ. ಕಣ್ಣು ಮುಚ್ಚಿಸಿ ಹತ್ತಿಯ ಎಳೆ ತಾಗಿಸಿ, ಎಲ್ಲಿ ತಾಗಿತೆಂದು ಬೆರಳಿಟ್ಟು ತೋರಿಸಲು ಹೇಳಿ. ಮಚ್ಚೆಯ ಮೇಲೆ ತಾಗಿಸಿದ್ದು ತಿಳಿಯದಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಬೇಕು. ಹಾಲುಬಿಳುಪಿನ ತೊನ್ನು ಬೇರೆ, ಅಲ್ಲಿ ಸ್ಪರ್ಶ ಚೆನ್ನಾಗಿಯೇ ಇರುತ್ತದೆ. ಮಚ್ಚೆ ಐದರವರೆಗಿದ್ದರೆ ಸಾಮಾನ್ಯವಾಗಿ 6 ತಿಂಗಳು, ಹೆಚ್ಚಿದ್ದರೆ 12 ತಿಂಗಳು ಮಾತ್ರೆ, ಅದೂ ಉಚಿತ. ಮಾತ್ರೆ ಶುರುವಾದ ಮೇಲೆ ಸೋಂಕು ಹರಡುವ ಭಯ ಬೇಗನೆ ಹೋಗುತ್ತದೆ. ಆದರೆ ಸತ್ತ ನರ ಮರಳುವುದು ಕಷ್ಟ, ತಡ ಮಾಡಬಾರದು ಎನ್ನುವುದು ಅದಕ್ಕೇ.

ತಡವಾಗುವುದು ಮಾತ್ರೆ ಸಿಗದೆ ಅಲ್ಲ, ನಾಚಿಕೆಯಿಂದ. ‘ಊರಿಗೆ ಗೊತ್ತಾದರೆ ಮಗಳ ಮದುವೆ ಹೇಗೆ’ ಎಂದು ಅಂಗಿಯ ತೋಳಿನಡಿ ಮಚ್ಚೆ ಮುಚ್ಚಿಡುವವರಿದ್ದಾರೆ. ಕುಷ್ಠರೋಗ ವಿಚ್ಛೇದನಕ್ಕೆ ಕಾರಣವೆಂಬ ಮಾತು ನಮ್ಮ ವೈಯಕ್ತಿಕ ಕಾನೂನುಗಳಿಂದ ಹೋದದ್ದು 2019ರಲ್ಲಿ! ಸೇವಾಗ್ರಾಮದ ಆಶ್ರಮದಲ್ಲಿ, ಕುಷ್ಠರೋಗವಿದ್ದ ಸಂಸ್ಕೃತ ಪಂಡಿತ ಪರಚುರೆ ಶಾಸ್ತ್ರಿಗಳ ಹುಣ್ಣನ್ನು ಗಾಂಧೀಜಿ ತಮ್ಮ ಕೈಯಾರೆ ತೊಳೆದದ್ದು ಅದಕ್ಕೆ ಎಷ್ಟೋ ದಶಕ ಮೊದಲು.

ನಮ್ಮ ಹಾಸ್ಯವೂ ಕಮ್ಮಿಯದಲ್ಲ. ಹುಬ್ಬಳ್ಳಿಯ ವೇದಿಕೆಯಿರಲಿ, ಟಿವಿಯಿರಲಿ, ತೊದಲುವವನು ಬಂದರೆ ಚಪ್ಪಾಳೆ, ಕುಂಟುವವನು ಬಂದರೆ ಸಿಳ್ಳೆ. ಬರೆಯುವವರಿಗೆ ಬೇರೆ ನಗೆ ಹೊಳೆಯುವುದೇ ಇಲ್ಲವೇ? ಅದನ್ನು ನೋಡಿದ ಮಗು ಮರುದಿನ ಶಾಲೆಯಲ್ಲಿ ಪಕ್ಕದ ಹುಡುಗನ ಮೇಲೆ ಅದನ್ನೇ ಆಡುತ್ತದೆ.

ಮಕ್ಕಳೊಡನೆ ಕೂತು ಸಿನಿಮಾ ನೋಡುವ ತಾಯಿ ನೀವು, ಅದು ಈಗ ಅಪರೂಪ. ಇನ್ನೊಮ್ಮೆ ನೋಡುವಾಗ ಆ ಹಡಗು ಬಂದರೆ ಒಂದು ನಿಮಿಷ ನಿಲ್ಲಿಸಿ, ಮೊದಲು ಅಲ್ಲಿ ಯಾವ ಮಾತಿತ್ತು, ಏಕೆ ಬದಲಾಯಿತು ಎಂದು ಅವರಿಗೆ ಹೇಳಿ. ಹತ್ತಿಯ ಎಳೆಯ ಪರೀಕ್ಷೆಯನ್ನೂ ತೋರಿಸಿಕೊಡಿ.