ಲಂಡನ್ ಹರಾಜಿನಲ್ಲಿ ಸಿಗುವ ಹಳೆಯ ಕರಡಿ ತುಪ್ಪಳದ ಗಾರ್ಡ್ ಟೋಪಿಯನ್ನು ತೊಳೆಯುವುದು ಹೇಗೆ? ಬೆಂಗಳೂರಿಗೆ ತರಬಹುದಾ?

ತೊಳೆಯಬೇಡಿ. ಮಿಕ್ಕಿದ್ದೆಲ್ಲ ಆಮೇಲೆ. ನೀರು ಮುಟ್ಟಿಸಬೇಡಿ, ಶಾಂಪೂ ಬೇಡ, ಹೀಟರ್ ಹತ್ತಿರ ಅಂತೂ ಇಡಲೇಬೇಡಿ.

ಟೋಪಿಗೆ ಧೂಳು ಹಿಡಿದಿದೆ, ಮುಗ್ಗಲು ವಾಸನೆ ಬರ್ತಿದೆ, ಊರಲ್ಲಿರುವ ಮಾವನವರಿಗೆ ಉಡುಗೊರೆ ಕೊಡಬೇಕು ಅಂತ ಬರೆದಿದ್ದೀರಿ. ಮಾವನ ಜಾಗದಲ್ಲಿ ದೊಡ್ಡಪ್ಪ ಅಂತ ಹಾಕಿದರೆ ಇದು ನನ್ನದೇ ಕಥೆ.

ನಮ್ಮ ದೊಡ್ಡಪ್ಪ ಮದ್ರಾಸ್ ಸ್ಯಾಪರ್ಸ್‌ನಲ್ಲಿ, ಅಂದರೆ ನಮ್ಮ ಸೇನೆಯ ಎಂಜಿನಿಯರ್ ಪಡೆಯಲ್ಲಿ ಇದ್ದವರು. ಹಲಸೂರು ಕೆರೆ ಹತ್ತಿರ ಆ ಪಡೆಯ ಎಂಇಜಿ ಸೆಂಟರ್ ಇದೆಯಲ್ಲ, ಅಲ್ಲೇ ತರಬೇತಿ ಪಡೆದವರು. ಪರೇಡ್ ಅಂದರೆ ಅವರಿಗೆ ಪ್ರಾಣ. ನಾನು ಆಗ ಇಂಗ್ಲೆಂಡಿನಲ್ಲಿ ವಿಂಡ್ಸರ್ ಹತ್ತಿರ ಕೆಲಸದಲ್ಲಿದ್ದೆ. ಒಂದು ಭಾನುವಾರ ಫೋನಿನಲ್ಲಿ ಕೇಳಿದರು: "ಏನಪ್ಪಾ, ಆ ಅರಮನೆ ಮುಂದೆ ಕರೀ ಟೋಪಿ ಹಾಕ್ಕೊಂಡು ನಿಂತಿರ್ತಾರಲ್ಲ, ಅದರೊಳಗೆ ಏನಿರುತ್ತೆ? ತಲೆ ಅಷ್ಟುದ್ದ ಇರೋಲ್ಲ ಅಲ್ವಾ?"

ನನಗೂ ಗೊತ್ತಿರಲಿಲ್ಲ. ತಿಳಿದುಕೊಳ್ಳೋಣ ಅಂತ ಶುರುವಾದದ್ದು ಕೊನೆಗೆ ಒಂದು ಟೋಪಿ ಕೊಳ್ಳುವವರೆಗೆ ಹೋಯಿತು. ಹಳೆಯ ಸೇನಾ ಸಾಮಾನು ಮಾರುವ ಸಂತೆಗಳು ಅಲ್ಲಿ ಅಲ್ಲಲ್ಲಿ ನಡೆಯುತ್ತವೆ. ಬಿಲ್ಲೆ, ಬೆಲ್ಟು, ಬೂಟುಗಳ ಮಧ್ಯೆ ಒಂದು ಟೋಪಿ ಮೇಜಿನ ತುದಿಯಲ್ಲಿ ಕೂತಿತ್ತು. ಬಲಗಡೆ ಕೆಂಪು ತುರಾಯಿ. ಅರಮನೆ ಕಾಯುವ ಗಾರ್ಡ್ಸ್ ರೆಜಿಮೆಂಟುಗಳಲ್ಲಿ ಯಾವುದರ ಟೋಪಿ ಅಂತ ತುರಾಯಿ ನೋಡಿ ಹೇಳಬಹುದು. ಕೆಂಪು ತುರಾಯಿ ಬಲಕ್ಕಿದ್ದರೆ ಕೋಲ್ಡ್‌ಸ್ಟ್ರೀಮ್ ಗಾರ್ಡ್ಸ್. ಬಿಳಿ ತುರಾಯಿ ಎಡಕ್ಕಿದ್ದರೆ ಗ್ರೆನೇಡಿಯರ್. ನೀಲಿ ಬಲಕ್ಕಿದ್ದರೆ ಐರಿಷ್, ಬಿಳಿ-ಹಸಿರು-ಬಿಳಿ ಎಡಕ್ಕಿದ್ದರೆ ವೆಲ್ಷ್. ತುರಾಯಿಯೇ ಇಲ್ಲದಿದ್ದರೆ ಸ್ಕಾಟ್ಸ್. ಇದನ್ನೆಲ್ಲ ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ದೊಡ್ಡ ಪಂಡಿತನ ಹಾಗೆ ತಲೆ ಆಡಿಸಿ ದುಡ್ಡು ಎಣಿಸಿದೆ. ತುರಾಯಿಯನ್ನು ಯಾರು ಬೇಕಾದರೂ ಕಿತ್ತು ಬೇರೆಯದು ಸಿಕ್ಕಿಸಬಹುದು ಅನ್ನೋದು ತಲೆಗೆ ಹೊಳೆಯಲೇ ಇಲ್ಲ. ಇರಲಿ, ನನ್ನನ್ನು ಮುಳುಗಿಸಿದ್ದು ಅದಲ್ಲ.

ಮನೆಗೆ ತಂದು ತಿರುಗಿಸಿ ನೋಡಿದಾಗ ದೊಡ್ಡಪ್ಪನ ಪ್ರಶ್ನೆಗೆ ಉತ್ತರ ಸಿಕ್ಕಿತು. ಒಳಗೆ ಬೆತ್ತದಲ್ಲಿ ಹೆಣೆದ ಪಂಜರ. ಕೆಳಗೆ ತಲೆಗೆ ಕೂರುವ ತೊಗಲಿನ ಪಟ್ಟಿ, ಬೆವರಿನಿಂದ ಕಪ್ಪಾಗಿ ಮಿರುಗುತ್ತಿತ್ತು. ಅದರ ಮೇಲೆಲ್ಲ ಬರೀ ಗಾಳಿ. ಪಂಜರದ ಮೇಲೆ ಕರಡಿ ಚರ್ಮವನ್ನು ಬಿಗಿಯಾಗಿ ಎಳೆದು ಹೊಲಿದಿದ್ದಾರೆ. ಎತ್ತರ ಸುಮಾರು 18 ಇಂಚು, ತೂಕ ಮುಕ್ಕಾಲು ಕಿಲೋದ ಆಸುಪಾಸು. ಟೋಪಿ ಬೀಳದಂತೆ ಹಿಡಿಯುವ ಸರಪಳಿ ಗಲ್ಲದ ಕೆಳಗೆ ಹೋಗುವುದಿಲ್ಲ, ತುಟಿಯ ಕೆಳಗೆ ನಿಲ್ಲುತ್ತದೆ. ಕೂದಲನ್ನು ಬೆರಳಿನಿಂದ ಸರಿಸಿದರೆ ಎರಡು ಪದರ ಕಾಣುತ್ತೆ. ಮೇಲೆ ಉದ್ದದ, ಒರಟಾದ, ಮಿಂಚುವ ಕೂದಲು. ಅದರ ಬುಡದಲ್ಲಿ ಮೆತ್ತಗಿನ ಒಳತುಪ್ಪಳ. ಮಳೆನೀರು ಮೇಲಿನ ಕೂದಲಿನ ಮೇಲೆಯೇ ಜಾರಿ ಹೋಗುತ್ತೆ, ಒಳಗಿನದು ಚಳಿ ತಡೆಯುತ್ತೆ. ಇದು ಕೆನಡಾದ ಕಪ್ಪು ಕರಡಿಯದು.

ಇಂಗ್ಲಿಷರಿಗೆ ಈ ಟೋಪಿಯ ಹುಚ್ಚು ಹತ್ತಿದ್ದು ಗೊತ್ತಲ್ಲ? 1815ರಲ್ಲಿ ವಾಟರ್ಲೂನಲ್ಲಿ ನೆಪೋಲಿಯನ್ನನ ಇಂಪೀರಿಯಲ್ ಗಾರ್ಡ್ ಸೋತಿತು. ಅವರ ತಲೆ ಮೇಲೆ ಇಂಥದ್ದೇ ಟೋಪಿ. ಸೋತವರ ಟೋಪಿ ಗೆದ್ದವರ ತಲೆಗೆ ಬಂತು. ಮೊದಲು ಗ್ರೆನೇಡಿಯರ್‌ಗಳಿಗೆ, 1831ರಲ್ಲಿ ಕೋಲ್ಡ್‌ಸ್ಟ್ರೀಮ್ ಮತ್ತು ಸ್ಕಾಟ್ಸ್‌ಗೂ. ಆಳು ಎತ್ತರ ಕಾಣಲಿ, ಎದುರಿನವನು ಹೆದರಲಿ ಅನ್ನೋದೇ ಉದ್ದೇಶ. ಯುದ್ಧಕ್ಕೆ ಹಾಕಿಕೊಳ್ಳುವುದು ಎಂದೋ ನಿಂತುಹೋಗಿದೆ. ಈಗ ಬಿಸಿಲಿನಲ್ಲಿ ತಲೆ ತಿರುಗಿ ಬೀಳುವುದಕ್ಕೆ ಅಷ್ಟೇ. ತಮಾಷೆ ಅಲ್ಲ, 2023ರ ಜೂನ್‌ನಲ್ಲಿ ಪ್ರಿನ್ಸ್ ವಿಲಿಯಂ ಎದುರಿಗೇ ಪರೇಡಿನಲ್ಲಿ ಸೈನಿಕರು ಕುಸಿದು ಬಿದ್ದರು. ಅವತ್ತು ಅಲ್ಲಿ 30 ಡಿಗ್ರಿ ಬಿಸಿಲು. ರಾಯಚೂರಿನವರು ನಗಬೇಡಿ. ಆ ಟೋಪಿ ಹಾಕಿ, ಉಣ್ಣೆಯ ಕೆಂಪು ಕೋಟು ಗುಂಡಿ ಬಿಗಿದು, ಅಲುಗಾಡದೆ ನಿಂತರೆ ಗೊತ್ತಾಗುತ್ತೆ.

ಈಗ ಆ ವಾಸನೆಯ ವಿಷಯಕ್ಕೆ ಬರ್ತೀನಿ.

ಯಾರದೋ ಅಟ್ಟದಲ್ಲಿ ವರ್ಷಾನುಗಟ್ಟಲೆ ಬಿದ್ದಿದ್ದ ಟೋಪಿ. ಮುಗ್ಗಲು, ಹಳೆ ಬೆವರು, ಯಾವುದೋ ಎಣ್ಣೆ, ಎಲ್ಲ ಸೇರಿದ ವಾಸನೆ. ನನ್ನವಳು ಅದನ್ನು ಮಲಗುವ ಕೋಣೆಯಿಂದ ಬಚ್ಚಲ ಮನೆಗೆ ಸಾಗಿಸಿದಳು. ಬಚ್ಚಲಲ್ಲಿ ಇದೆ, ನೀರೂ ಇದೆ, ಶಾಂಪೂನೂ ಇದೆ. ಕೂದಲು ತಾನೇ, ತೊಳೆದರೆ ಏನಾಗುತ್ತೆ ಅಂದುಕೊಂಡೆ. ಈ ಸೈನಿಕರು ಲಂಡನ್ ಮಳೆಯಲ್ಲಿ ಗಂಟೆಗಟ್ಟಲೆ ನಿಂತಿರುತ್ತಾರೆ, ಟೋಪಿಗೆ ಏನೂ ಆಗಲ್ಲ. ಹಾಗಿದ್ದ ಮೇಲೆ ನನ್ನ ಟಬ್ಬಿನ ಉಗುರುಬೆಚ್ಚಗಿನ ನೀರು ಏನು ಮಾಡೀತು?

ನೀವೂ ಇದೇ ತರ್ಕ ಹಿಡಿದಿದ್ದೀರಿ, ಅದಕ್ಕೇ ಬಿಡಿಸಿ ಹೇಳ್ತೀನಿ. ಮಳೆ ಬೀಳುವುದು ಕೂದಲಿನ ಮೇಲೆ. ಮೇಲಿನ ಒರಟು ಕೂದಲು ನೀರನ್ನು ಕೆಳಗೆ ಹರಿಸಿಬಿಡುತ್ತೆ. ಬುಡದ ಚರ್ಮಕ್ಕೆ ತಲುಪುವುದು ಕಡಿಮೆ, ಒಳಮೈಗೆ ತಲುಪುವುದು ಇನ್ನೂ ಕಡಿಮೆ. ಟಬ್ಬಿನಲ್ಲಿ ಮುಳುಗಿಸಿದಾಗ ನೀರು ಒಳಗಿನಿಂದ, ಅಂದರೆ ಬರೀ ಚರ್ಮದ ಕಡೆಯಿಂದ ನುಗ್ಗುತ್ತದೆ. ಹಳೆ ಕಾಲದ ತುಪ್ಪಳದ ಚರ್ಮಗಳನ್ನು ಜಾಸ್ತಿ ಹದ ಮಾಡುತ್ತಿದ್ದದ್ದು ಪಟಿಕ ಮತ್ತು ಉಪ್ಪಿನಲ್ಲಿ. ಚಪ್ಪಲಿ ತೊಗಲಿನ ಹದವೇ ಬೇರೆ, ಇದೇ ಬೇರೆ. ಪಟಿಕದ ಹದ ಚರ್ಮವನ್ನು ಬೆಳ್ಳಗೆ, ಮೆತ್ತಗೆ ಇಡುತ್ತೆ. ಆದರೆ ಪಟಿಕ ನೀರಿನಲ್ಲಿ ಕರಗಿ ಹೊರಗೆ ಬರುತ್ತೆ. ಅದು ಬಂದುಬಿಟ್ಟರೆ ನಿಮ್ಮ ಕೈಯಲ್ಲಿ ಉಳಿಯುವುದು ಹದ ಮಾಡಿದ ಚರ್ಮ ಅಲ್ಲ, ಸತ್ತ ಪ್ರಾಣಿಯ ಹಸಿ ಚರ್ಮ. ಒಣಗಿದರೆ ಹಲಗೆ, ಒದ್ದೆ ಇದ್ದರೆ ಕೊಳೆಯುತ್ತದೆ.

ನಾನು ಅಷ್ಟಕ್ಕೇ ನಿಲ್ಲಿಸಲಿಲ್ಲ. ನವೆಂಬರ್ ತಿಂಗಳು, ಹೊರಗೆ ಬಿಸಿಲಿಲ್ಲ. ರೇಡಿಯೇಟರ್ ಮೇಲೆ ಟವೆಲ್ ಹಾಸಿ ಟೋಪಿ ಕೂರಿಸಿ ಮಲಗಿದೆ. ಒದ್ದೆ ಚರ್ಮ 60 ಡಿಗ್ರಿ ಸುಮಾರಿನಲ್ಲಿ ಮುದುಡಲು ಶುರು ಮಾಡುತ್ತೆ. ಹಳೆಯ ಚರ್ಮ ಅದಕ್ಕೂ ಮುಂಚೆಯೇ. ಚರ್ಮದ ಒಳಗಿನ ನಾರುಗಳು ಒಂದು ಸಲ ಮುದುಡಿಕೊಂಡರೆ ಮತ್ತೆ ಬಿಚ್ಚಿಕೊಳ್ಳುವುದಿಲ್ಲ. ಯಾವ ಎಣ್ಣೆ ಹಚ್ಚಿದರೂ, ಯಾವ ಕ್ರೀಮು ತಿಕ್ಕಿದರೂ ಇಲ್ಲ. ಬೆಳಗ್ಗೆ ಎದ್ದು ನೋಡಿದರೆ ರೇಡಿಯೇಟರ್ ಕಡೆಯ ಮಗ್ಗುಲು ಸುಟ್ಟ ಹಪ್ಪಳದ ಹಾಗೆ ಸೊಟ್ಟಗಾಗಿತ್ತು. ಹಿಂದಿನ ಹೊಲಿಗೆ ಬಾಯಿ ಬಿಟ್ಟು ಒಳಗಿನ ಬೆತ್ತ ಹೊರಗೆ ಇಣುಕುತ್ತಿತ್ತು. ಕೂದಲು ಸವರಿದೆ, ಗೊಂಚಲು ಗೊಂಚಲಾಗಿ ಬುಡಸಮೇತ ಕೈಗೆ ಬಂತು. ಬುಡದಲ್ಲಿ ಚರ್ಮದ ಹೊಟ್ಟು ಅಂಟಿಕೊಂಡಿತ್ತು.

ತುಪ್ಪಳ ರಿಪೇರಿ ಮಾಡುವ ಒಬ್ಬ ಮುದುಕರ ಹತ್ತಿರ ಒಯ್ದೆ. ಅವರು ಟೋಪಿ ಮುಟ್ಟಲೂ ಇಲ್ಲ. ದೂರದಿಂದಲೇ ನೋಡಿ, "ತೊಳೆದಿರಾ?" ಅಂದರು. ಮೇಲಿನ ಪಟಿಕದ ಪಾಠವೆಲ್ಲ ಅವರು ಅವತ್ತು ಮಾಡಿದ್ದು. ಕೊನೆಗೆ ಆ ಸರಪಳಿಯನ್ನು ಮಾತ್ರ ಬಿಚ್ಚಿ ಕೊಟ್ಟರು, ಅದಾದರೂ ಇಟ್ಟುಕೊಳ್ಳಿ ಅಂತ.

ಎಷ್ಟಕ್ಕೆ ಕೊಂಡಿದ್ದೆ ಅಂತ ಹೇಳಲ್ಲ, ನನ್ನವಳು ಈ ಸೈಟ್ ಓದುತ್ತಾಳೆ. ಆದರೆ ಹೊಸದರ ಬೆಲೆ ಕೇಳಿ: ಬ್ರಿಟನ್ನಿನ ರಕ್ಷಣಾ ಇಲಾಖೆ 2022ರಲ್ಲಿ ಒಂದಕ್ಕೆ 1,560 ಪೌಂಡ್ ಕೊಡುತ್ತಿತ್ತು. 2023ಕ್ಕೆ ಅದು 2,040 ಪೌಂಡ್ ಆಯಿತು. ಎರಡು ಲಕ್ಷ ರೂಪಾಯಿ ದಾಟಿತು ಅಂತ ಇಟ್ಟುಕೊಳ್ಳಿ. ಒಂದು ಟೋಪಿಗೆ ಕನಿಷ್ಠ ಒಂದು ಕರಡಿ ಬೇಕು ಅನ್ನುತ್ತಾರೆ ಪ್ರಾಣಿಗಳ ಪರ ಹೋರಾಡುವ ಪೇಟಾ ಸಂಸ್ಥೆಯವರು. ಕೃತಕ ತುಪ್ಪಳದ ಟೋಪಿ ಮಾಡಿ ಅಂತ ಅವರು ವರ್ಷಗಳಿಂದ ಕೇಳುತ್ತಿದ್ದಾರೆ. ಅರ್ಜಿಗೆ ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿ, 2022ರ ಜುಲೈನಲ್ಲಿ ಸಂಸತ್ತಿನಲ್ಲಿ ಚರ್ಚೆಯೂ ಆಯಿತು. ಕೃತಕದ್ದು ನಮ್ಮ ಪರೀಕ್ಷೆಗಳಲ್ಲಿ ಪಾಸಾಗಲಿಲ್ಲ ಅಂತ ಇಲಾಖೆ ಕೈ ತೊಳೆದುಕೊಂಡಿತು. ಅತ್ತ ರಾಣಿ ಕಮಿಲಾ ಇನ್ನು ಮೇಲೆ ಹೊಸ ತುಪ್ಪಳದ ಬಟ್ಟೆ ಕೊಳ್ಳಲ್ಲ ಅಂತ 2024ರಲ್ಲಿ ತಿಳಿಸಿದ್ದಾರೆ. ರಾಣಿಗೆ ಬೇಡವಾದದ್ದು ಕಾವಲುಗಾರನಿಗೆ ಯಾಕೆ ಬೇಕೋ ನನಗಂತೂ ಅರ್ಥವಾಗಿಲ್ಲ.

ಹಾಗಂತ ಕರಡಿ ಚರ್ಮ ಉಟ್ಟವರನ್ನೆಲ್ಲ ಒಂದೇ ತಕ್ಕಡಿಯಲ್ಲಿ ತೂಗಲಾರೆ. ಗ್ರೀನ್‌ಲ್ಯಾಂಡಿನ ಉತ್ತರ ತುದಿಯಲ್ಲಿ ಇನುಗ್ವಿಟ್ ಅನ್ನುವ ಜನಾಂಗದ ಬೇಟೆಗಾರರು ಹಿಮಕರಡಿ ಚರ್ಮದ ಪ್ಯಾಂಟು ತೊಡುತ್ತಾರೆ. ಮಂಜುಗಡ್ಡೆ ಮೇಲೆ ಗಂಟೆಗಟ್ಟಲೆ ಕೂರುವವನಿಗೆ ಅದರಷ್ಟು ಬೆಚ್ಚಗಿನದು ಇನ್ನೊಂದಿಲ್ಲ. ಕೆನಡಾದಲ್ಲಿ ಹಿಂದೆ ಜಾರುಬಂಡಿಯಲ್ಲಿ ಹೋಗುವವರು ತೊಡೆ ಮೇಲೆ ಕರಡಿ ಚರ್ಮ ಹೊದ್ದುಕೊಳ್ಳುತ್ತಿದ್ದರು. ಅದು ಬದುಕು. ಬೆಂಗಳೂರಿನ ಹಾಲ್‌ನಲ್ಲಿ ಟಿವಿ ಪಕ್ಕ ಇಡುವುದು ಬದುಕಲ್ಲ, ಶೋಕಿ. ಗೋಡೆಗೆ ತಲೆ, ನೆಲಕ್ಕೆ ಬಾಯಿ ತೆರೆದ ಕರಡಿ ರಗ್ಗು ಹಾಕುವುದೂ ಅದೇ ಜಾತಿ. ಅಂಥ ಹಳೆಯ ರಗ್ಗು ಎಲ್ಲಾದರೂ ಸಿಕ್ಕರೆ ಬರಿಗೈಯಲ್ಲಿ ಮುಟ್ಟಬೇಡಿ. ಹುಳ ಹಿಡಿಯದಿರಲಿ ಅಂತ ಆಗಿನವರು ಆರ್ಸೆನಿಕ್ ಹಚ್ಚುತ್ತಿದ್ದರು.

ಬೆಂಗಳೂರಿಗೆ ತರುವ ವಿಷಯ. "ಹಳೆಯದು ತಾನೇ, ಕರಡಿ ಯಾವಾಗಲೋ ಸತ್ತಿದೆ, ಯಾರು ಕೇಳ್ತಾರೆ" ಅಂತ ಬರೆದಿದ್ದೀರಿ. ಕಸ್ಟಮ್ಸ್‌ನವರು ಕೇಳ್ತಾರೆ. ಪ್ರಪಂಚದಲ್ಲಿ ಎಂಟು ಜಾತಿಯ ಕರಡಿಗಳಿವೆ, ಎಂಟೂ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿವೆ. ಅಪಾಯದಲ್ಲಿರುವ ಕಾಡುಪ್ರಾಣಿ, ಸಸ್ಯಗಳನ್ನು ದೇಶದಿಂದ ದೇಶಕ್ಕೆ ಮಾರುವುದನ್ನು ಹತೋಟಿಯಲ್ಲಿಡುವ ಒಪ್ಪಂದ ಅದು. ನಮ್ಮ ದರೋಜಿಯ ಬಂಡೆಗಳ ಮಧ್ಯೆ ಓಡಾಡುವ ಕರಡಿ 1ನೇ ಪಟ್ಟಿಯಲ್ಲಿದೆ, ಅದರ ವ್ಯಾಪಾರವೇ ಇಲ್ಲ. ನಿಮ್ಮ ಟೋಪಿಯ ಕಪ್ಪು ಕರಡಿ 2ನೇ ಪಟ್ಟಿಯಲ್ಲಿದೆ, ಕಾಗದಪತ್ರ ಇಲ್ಲದೆ ದೇಶ ದಾಟುವ ಹಾಗಿಲ್ಲ. ನಮ್ಮ 1972ರ ವನ್ಯಜೀವಿ ಕಾಯ್ದೆಗೆ 2022ರಲ್ಲಿ ತಂದ ತಿದ್ದುಪಡಿ ಈ ಸೈಟಿಸ್ ಪಟ್ಟಿಯ ಪ್ರಾಣಿಗಳನ್ನೂ ಒಳಗೆ ಸೇರಿಸಿಕೊಂಡಿದೆ. 2023ರಲ್ಲಿ ಹುಲಿ ಉಗುರಿನ ಲಾಕೆಟ್ಟಿಗೆ ಏನೆಲ್ಲ ಆಯಿತು, ಯಾರ್‍ಯಾರ ಮನೆಗೆ ಅರಣ್ಯ ಇಲಾಖೆಯವರು ಹೋದರು, ನೆನಪಿದೆ ಅಲ್ವಾ? ಎಷ್ಟೋ ಜನ "ತಾತನ ಕಾಲದ್ದು ಸಾರ್" ಅಂತಲೇ ಹೇಳಿದ್ದು. ನಿಮ್ಮ ಮಾವನವರ ಮನೆ ಬಾಗಿಲಿಗೆ ಆ ಪಾಡು ಯಾಕೆ ತರ್ತೀರಿ?

ಆದ್ದರಿಂದ ಹೇಗೆ ತೊಳೆಯೋದು, ಹೇಗೆ ತರೋದು ಎಂಬ ಪ್ರಶ್ನೆಯನ್ನೇ ಬಿಡಿ. ಕೊಳ್ಳಬೇಡಿ. ಮಾವನವರು ಲಂಡನ್ನಿಗೆ ಬಂದರೆ ಬರ್ಡ್‌ಕೇಜ್ ವಾಕ್‌ನಲ್ಲಿ ವೆಲಿಂಗ್ಟನ್ ಬ್ಯಾರಕ್ಸ್ ಇದೆ, ಅದರಲ್ಲೇ ಗಾರ್ಡ್ಸ್ ಮ್ಯೂಸಿಯಂ. ಅಲ್ಲಿ ನೋಡಲಿ. ನಮ್ಮ ದೊಡ್ಡಪ್ಪನಿಗೆ ನಾನು ಕೊನೆಗೆ ಕಳಿಸಿದ್ದು, ಟೋಪಿ ಹಾಳಾಗುವ ಮುಂಚೆ ಅದರ ಒಳಗನ್ನು ತೆಗೆದಿದ್ದ ಫೋಟೋ. ಫೋಟೋ ನೋಡಿ, "ಓ, ಬುಟ್ಟಿ!" ಅಂದು, ಊಟ ಆಯ್ತಾ ಅಂತ ಕೇಳಿದರು. ಅವರಿಗೆ ಬೇಕಿದ್ದದ್ದು ಅಷ್ಟೇ.

ಆಗಲೇ ಕೊಂಡುಬಿಟ್ಟಿದ್ದರೆ ಹೀಗೆ ಮಾಡಿ. ಮೊದಲು ಅಸಲಿಯೋ ನಕಲಿಯೋ ನೋಡಿ. ಕೂದಲು ಸರಿಸಿದಾಗ ಬುಡದಲ್ಲಿ ಚರ್ಮ ಕಂಡರೆ ಅಸಲಿ, ಬಟ್ಟೆಯ ನೇಯ್ಗೆ ಕಂಡರೆ ನಕಲಿ. ಉದುರಿದ ಒಂದು ಕೂದಲನ್ನು ಚಿಮಟದಲ್ಲಿ ಹಿಡಿದು ಸುಡಿ. ತಲೆಗೂದಲು ಸುಟ್ಟ ವಾಸನೆ ಬಂದು ಬೂದಿಯಾದರೆ ಅಸಲಿ. ಪ್ಲಾಸ್ಟಿಕ್ ವಾಸನೆ ಬಂದು ಗಟ್ಟಿ ಗುಂಡಾದರೆ ನಕಲಿ. ನಕಲಿಯಾದರೆ ನಿಮ್ಮ ಅದೃಷ್ಟ, ಧಾರಾಳವಾಗಿ ಊರಿಗೆ ತನ್ನಿ.

ಅಸಲಿಯಾದರೆ ಬಿಸಿಲು ಬೀಳದ, ಗಾಳಿಯಾಡುವ ಕಡೆ ಇಡಿ. ಮೆತ್ತನೆ ಬ್ರಷ್‌ನಲ್ಲಿ ಕೂದಲು ಮಲಗಿದ ದಿಕ್ಕಿಗೇ ಬಾಚಿ. ವ್ಯಾಕ್ಯೂಮ್ ಬಾಯಿಗೆ ತೆಳು ಬಟ್ಟೆ ಕಟ್ಟಿ ಕಡಿಮೆ ವೇಗದಲ್ಲಿ ಧೂಳು ಎಳೆಯಿರಿ. ಜಿಡ್ಡಿದ್ದರೆ ತುಪ್ಪಳದವರು ಮರದ ಹೊಟ್ಟಿನಲ್ಲಿ ಹೊರಳಿಸಿ ತೆಗೆಯುತ್ತಾರೆ, ಅದನ್ನು ಅವರಿಗೇ ಬಿಡಿ. ನುಸಿ ಹಿಡಿದಿದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ಹೋಗದಂತೆ ಕಟ್ಟಿ -18 ಡಿಗ್ರಿ ಫ್ರೀಜರ್‌ನಲ್ಲಿ 2 ವಾರ ಇಡಿ. 18 ಇಂಚಿನ ಟೋಪಿ ಹಿಡಿಸುವ ಫ್ರೀಜರ್ ಯಾರ ಮನೆಯಲ್ಲಿದೆ ಅಂತ ಹುಡುಕುವುದು ನಿಮ್ಮ ಕೆಲಸ. ಆಮೇಲೆ ಅಲ್ಲೇ, ಇಂಗ್ಲೆಂಡಿನಲ್ಲೇ ಮಾರಿಬಿಡಿ. ಹರಾಜಿನವರು "ಇದಕ್ಕೆ ಪರ್ಮಿಟ್ ಏನೂ ಬೇಡ, ಸೂಟ್‌ಕೇಸಿನಲ್ಲಿ ಹಾಕ್ಕೊಂಡು ಹೋಗಿ" ಅಂದರೆ, ಅದನ್ನೇ ಕಾಗದದಲ್ಲಿ ಬರೆದು ಸಹಿ ಹಾಕಿ ಕೊಡಿ ಅನ್ನಿ. ಕೊಡುವುದಿಲ್ಲ.