ಕೊಡಗಿನ ನಮ್ಮೂರನ್ನು ಬೆಂಗಳೂರಲ್ಲೇ ಕೂತು ಮ್ಯಾಪಿಗೆ ಹಾಕಬೇಕು ಅಂತಿದ್ದೀನಿ. ಮೊದಲು ಕ್ಯೂಜಿಐಎಸ್ ಅನ್ನೋ ಮ್ಯಾಪ್ ಸಾಫ್ಟ್‌ವೇರ್ ಕಲಿಯಬೇಕಾ, ಓಪನ್‌ಸ್ಟ್ರೀಟ್‌ಮ್ಯಾಪ್ ಅನ್ನೋ ಆನ್‌ಲೈನ್ ಮ್ಯಾಪ್ ಸಾಕಾ?

ಎರಡೂ ಆಮೇಲೆ. ಬೆಂಗಳೂರಲ್ಲೇ ಕೂತು ಮಾಡ್ತೀನಿ ಅಂದಿದ್ದೀರಲ್ಲ, ನನಗೆ ದಿಗಿಲಾಗಿದ್ದು ಆ ಮಾತಿಗೆ. ನಾನೂ ಹಾಗೇ ಶುರು ಮಾಡಿದವನು.

2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಜರಿದಾಗ ಟಿವಿ ಮುಂದೆ ಕೈ ಹಿಸುಕಿಕೊಂಡು ಕೂತಿದ್ದೆ. ಓಪನ್‌ಸ್ಟ್ರೀಟ್‌ಮ್ಯಾಪ್ ತೆರೆದರೆ ಮಾದಾಪುರದಾಚೆ ನಮ್ಮ ಕಡೆಯ ಒಳದಾರಿಗಳೇ ಇಲ್ಲ. ಯಾರು ಬೇಕಾದರೂ ತಿದ್ದಬಹುದು ಅಂತ ಗೊತ್ತಾದದ್ದೇ ತಡ, ಅಕೌಂಟ್ ಮಾಡಿ ಉಪಗ್ರಹ ಚಿತ್ರದ ಮೇಲೆ ಗೆರೆ ಎಳೆಯತೊಡಗಿದೆ.

ಗದ್ದೆ ಬಯಲಲ್ಲಿ ತೊಂದರೆಯಿಲ್ಲ. ಕಾಫಿ ತೋಟದ ಮೇಲೆ ಮಾತ್ರ ಸಿಲ್ವರ್ ಓಕ್, ಹಲಸು, ಅತ್ತಿ ಮುಚ್ಚಿಕೊಂಡು ಬರೀ ಹಸಿರು. ಒಂದು ಮಣ್ಣುದಾರಿ ಮರದೊಳಗೆ ಮಾಯವಾಗಿತ್ತು, ಎದುರಿನ ಗುಡ್ಡದ ಬುಡದಲ್ಲಿ ಅಂಥದ್ದೇ ಇನ್ನೊಂದು ಹೊರಬಂದಿತ್ತು. ಒಂದೇ ಇರಬೇಕು ಅಂತ ಜೋಡಿಸಿಬಿಟ್ಟೆ.

ಇದನ್ನು ಸ್ವಲ್ಪ ಬಿಡಿಸಿ ಹೇಳ್ತೀನಿ, ಬೇಜಾರಾಗಬೇಡಿ. ನಮ್ಮ ಕಣ್ಣಿಗೆ ಅದು ಗೆರೆ. ದಾರಿ ತೋರಿಸೋ ಆಪ್ ನೋಡೋದು ಎರಡು ಗೆರೆಗಳು ಒಂದೇ ಚುಕ್ಕಿಯಲ್ಲಿ ಕೂಡಿವೆಯಾ ಅನ್ನೋದನ್ನ. ಕೂಡಿದ್ದರೆ ಗಾಡಿ ಆಚೆ ದಾಟುತ್ತೆ ಅಂತಲೇ ಅದರ ಲೆಕ್ಕ. ಸಾಲದ್ದಕ್ಕೆ ನಾನು ಕೊಟ್ಟ ಟ್ಯಾಗ್ (ದಾರಿ ಯಾವ ಬಗೆಯದು ಅನ್ನೋ ಗುರುತು) ‘ಅನ್‌ಕ್ಲಾಸಿಫೈಡ್’, ಅಂದರೆ ಊರಿಂದೂರಿಗೆ ಹೋಗೋ ಸಣ್ಣ ಸಾರ್ವಜನಿಕ ರಸ್ತೆ. ತೋಟದ ದಾರಿಗೆ ‘ಟ್ರ್ಯಾಕ್’ ಅಂತ ಹಾಕಿ, ಓಡಾಟ ಖಾಸಗಿ ಅಂತ ಗುರುತು ಮಾಡಬೇಕು. ಕಾಣದ ಜಾಗದಲ್ಲಿ ತುದಿಗಳನ್ನು ಹಾಗೇ ಬಿಟ್ಟು ‘ಫಿಕ್ಸ್‌ಮಿ’, ಅಂದರೆ ಗೊತ್ತಿದ್ದವರು ಸರಿಪಡಿಸಿ, ಅಂತ ಬರೆದಿಡಬೇಕು. ನಾನು ಜೋಡಿಸಿದ ಕಡೆ ಮರದಡಿ ಇದ್ದದ್ದು ತೋಡು, ಅಂದರೆ ಸಣ್ಣ ಹಳ್ಳ, ಅದಕ್ಕೊಂದು ಅಡಿಕೆ ಮರದ ಕಾಲುಸಂಕ.

ಮೇ ತಿಂಗಳ ಮಳೆಯಲ್ಲಿ ಮದುವೆಗೆ ಪಾತ್ರೆ ಹೊತ್ತ ಪಿಕಪ್ ಆಪ್ ನಂಬಿ ತೋಡಿನ ಅಂಚಿಗೇ ಬಂತು. ತಿರುಗಿಸೋಕೆ ಜಾಗವಿಲ್ಲ. ರಿವರ್ಸ್ ತೆಗೆದರೆ ಹಿಂದಿನ ಚಕ್ರ ಚರಂಡಿಗೆ. ಟ್ರ್ಯಾಕ್ಟರ್ ಬಂದು ಎಳೀಬೇಕಾಯ್ತು. ಎಡಿಟ್ ಹಿಸ್ಟರಿಯಲ್ಲಿ ನನ್ನ ಹೆಸರು ಇದ್ದೇ ಇತ್ತಲ್ಲ, ಚಿಕ್ಕಪ್ಪನ ಮಗನೇ ಹುಡುಕಿ ಎಲ್ಲರಿಗೂ ತೋರಿಸಿದ. ಗೆರೆ ಅಳಿಸೋದೇನು, ಕ್ಷಣದ ಕೆಲಸ. ಆದರೆ ತೋಟದವರು ಗೇಟಿಗೆ ಬೀಗ ಜಡಿದರು. ಲೈನ್‌ಮನೆಯ (ತೋಟದ ಕೂಲಿಗಳ ಸಾಲುಮನೆ) ಕೂಲಿಯವರು ಅಂಗಡಿಗೆ ಬರ್ತಿದ್ದ ದಾರಿಯೂ ಬಂದ್. ಆ ಕಡೆ ಈಗಲೂ ನನಗೆ ಯಾರೂ ಒಂದು ಹಳ್ಳದ ಹೆಸರು ಹೇಳೋಲ್ಲ.

ಹಾಗಾಗಿ ಸಾಫ್ಟ್‌ವೇರ್ ಯಾವುದು ಅನ್ನೋ ಪ್ರಶ್ನೆಯೇ ನನಗೆ ಒಪ್ಪಿಗೆಯಿಲ್ಲ. ಈಗಿರೋ ಮ್ಯಾಪನ್ನೇ ಹಾಳೆ ಮೇಲೆ ಪ್ರಿಂಟ್ ತೆಗೆದು ಪೋಸ್ಟ್‌ಮ್ಯಾನ್ ಜೊತೆ, ಕರೆಂಟ್ ಲೈನ್‌ಮ್ಯಾನ್ ಜೊತೆ, ಆಶಾ ಕಾರ್ಯಕರ್ತೆ ಜೊತೆ ಕೂತ್ಕೊಳ್ಳಿ. ಯಾವ ದಾರಿ ಮಳೆಗಾಲದಲ್ಲಿ ಮುಚ್ಚುತ್ತೆ ಅಂತ ಅವರಿಗೆ ಗೊತ್ತು. ದೇವರಕಾಡಿನ ಗಡಿ ಹಾಕೋ ಮುಂಚೆ ದೇವಸ್ಥಾನದ ಮುಖ್ಯಸ್ಥರಾದ ದೇವತಕ್ಕರನ್ನು ಕೇಳಿ. ಮನೆ ಗುರುತಿಸಿ, ಮನೆಯವರ ಹೆಸರು ಬೇಡ. ಗೂಗಲ್ ಮ್ಯಾಪಿಂದ ಹೆಸರು ನಕಲು ಮಾಡಬೇಡಿ, ಲೈಸೆನ್ಸ್ ಒಪ್ಪೋಲ್ಲ, ಸಿಕ್ಕಿಬಿದ್ದರೆ ಅಳಿಸ್ತಾರೆ. ಮೊಬೈಲ್ ಜಿಪಿಎಸ್ಸನ್ನೂ ಮರದಡಿ ಪೂರ್ತಿ ನಂಬಬೇಡಿ, ಗೆರೆ ಪಕ್ಕದ ತೋಟಕ್ಕೆ ಜಾರುತ್ತೆ. ಊರವರಿಗೆ ‘ನೋಟ್’, ಅಂದರೆ ಮ್ಯಾಪಿನ ಮೇಲೆ ತಪ್ಪು ತಿಳಿಸೋ ಚೀಟಿ, ಹಾಕೋದು ಕಲಿಸಿ, ಅದಕ್ಕೆ ಅಕೌಂಟೂ ಬೇಕಿಲ್ಲ.

ಕ್ಯೂಜಿಐಎಸ್ ಒಳ್ಳೇದೇ, ಪುಕ್ಕಟೆ ಬೇರೆ. ಪಂಚಾಯ್ತಿಗೆ ದೊಡ್ಡ ಹಾಳೆ ಪ್ರಿಂಟ್ ಮಾಡಿಕೊಡೋಕೆ, ಗುಡ್ಡದ ಇಳಿಜಾರು ಲೆಕ್ಕ ಹಾಕೋಕೆ ಬೇಕಾಗುತ್ತೆ. ಅಷ್ಟು ಮಾಹಿತಿ ಕೈಗೆ ಬಂದ ಮೇಲೆ ಕಲೀರಿ.

ನೀವು ಹೇಳಿದ ಊರು ನೋಡಿದೆ, ಬಸ್‌ಸ್ಟಾಪೂ ಮ್ಯಾಪಲ್ಲಿಲ್ಲ. ಅದರಿಂದ ಶುರು ಮಾಡಿ, ಯಾರ ಗೇಟೂ ತೆಗೆಸಬೇಕಿಲ್ಲ.